ಅಮ್ಮಂದಿರಿಗೊಂದು ಮಂಗಳವಾರದ ಟಿಕೆಟ್: ಸಿಯಾಟಲ್ ಮ್ಯಾರಿನರ್ಸ್ ತವರಿನ ಪಂದ್ಯಗಳು

ಸಿಯಾಟಲ್ ಕಡೆ ಮಕ್ಕಳಿರುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಏಪ್ರಿಲ್‌ನಲ್ಲಿ ಬಂದು ಸೆಪ್ಟೆಂಬರ್ ಕೊನೆಗೆ ಊರಿಗೆ ಹೊರಡುತ್ತಾರೆ. ಸ್ಪೇಸ್ ನೀಡಲ್, ಮೌಂಟ್ ರೇನಿಯರ್, ಟ್ಯುಲಿಪ್ ಹೊಲ, ಬಾಥೆಲ್‌ನ ದೇವಸ್ಥಾನ, ಇಷ್ಟೂ ಮೊದಲ ತಿಂಗಳಲ್ಲೇ ಮುಗಿದುಹೋಗುತ್ತದೆ. ಆಮೇಲೆ ಮಗ-ಸೊಸೆ ಆಫೀಸಿಗೆ, ಮೊಮ್ಮಕ್ಕಳು ಸ್ಕೂಲಿಗೆ. ಉಳಿದವರು ಮನೆಯೊಳಗೆ. ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಸಿಗುವ ನನ್ನ ವಯಸ್ಸಿನವರೆಲ್ಲ ಹೇಳುವುದು ಒಂದೇ ಮಾತು: ಹೊತ್ತು ಹೋಗುವುದಿಲ್ಲ.

ಅವರಿಗೆಲ್ಲ ನಾನು ಹೇಳುವುದೂ ಒಂದೇ. ನೀವು ಇಲ್ಲಿರುವ ಆರು ತಿಂಗಳೇ ಬೇಸ್‌ಬಾಲ್ ಸೀಸನ್ನು. ಮ್ಯಾರಿನರ್ಸ್ ತಂಡವನ್ನು ನಿಮ್ಮದು ಮಾಡಿಕೊಳ್ಳಿ. ಮಗನ ಹತ್ತಿರ ಒಂದು ಮಂಗಳವಾರದ ಟಿಕೆಟ್ ತೆಗೆಸಿಕೊಳ್ಳಿ. ಒಂದು ಪೆನ್ಸಿಲ್ ಜೊತೆಗಿಟ್ಟುಕೊಳ್ಳಿ.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಈಗ ಲಿನ್‌ವುಡ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಕ್ರಿಕೆಟ್ ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಬೇಸ್‌ಬಾಲ್ ಇಲ್ಲಿಗೆ ಬಂದ ಮೇಲೆ ಕಲಿತದ್ದು. ಕ್ರಿಕೆಟ್ ತಿಳಿದವರಿಗೆ ಅರ್ಧ ಆಟ ಆಗಲೇ ಬಂದಿದೆ ಅಂದುಕೊಳ್ಳಿ. ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿನಲ್ಲಿ ಒಂದೊಂದು ಕಡೆಗೆ ಮೂರು ಔಟ್. ಮೈದಾನದಲ್ಲಿ ವಜ್ರಾಕೃತಿಯ ನಾಲ್ಕು ಮೂಲೆಗಳೇ ಬೇಸ್. ಬ್ಯಾಟ್ ಮಾಡಿದವರು ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ಡ್ರಾ ಎಂಬುದಿಲ್ಲ, ಸಮವಾದರೆ ಒಬ್ಬರು ಗೆಲ್ಲುವವರೆಗೂ ಆಡಬೇಕು. ಎರಡು ಪಂದ್ಯ ನೋಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಮೊದಲು ಲೆಕ್ಕದ ಮಾತು. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲಿ. ಆರೇಳು ದಿನ ಊರಲ್ಲಿದ್ದು ಆಡುತ್ತಾರೆ, ಆಮೇಲೆ ಹೊರಗೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಒಂದೇ ಎದುರಾಳಿ ಮೂರು ನಾಲ್ಕು ದಿನ ಬೀಡುಬಿಟ್ಟಿರುತ್ತದೆ. ಇವತ್ತು ಸೋತರೆ ಶೋಕ ಮಾಡುವಂತಿಲ್ಲ, ನಾಳೆ ಸಂಜೆ ಅದೇ ತಂಡದ ಜೊತೆ ಮತ್ತೆ ಆಟ ಇದೆ. 2025ರಲ್ಲಿ ಮ್ಯಾರಿನರ್ಸ್ 90 ಗೆದ್ದು 72 ಸೋತಿತು. ಹೆಚ್ಚುಕಡಿಮೆ ಎರಡು ದಿನಕ್ಕೊಂದು ಸಲ ಸೋತ ಈ ತಂಡವೇ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು, ಅದೂ 2001ರ ನಂತರ ಮೊದಲ ಸಲ. ಐಪಿಎಲ್‌ನಲ್ಲಿ ಒಂದು ಪಂದ್ಯ ಹೋಯಿತೆಂದರೆ ಪಾಯಿಂಟ್ಸ್ ಟೇಬಲ್ ಹಿಡಿದುಕೊಂಡು ನಿದ್ದೆ ಬಿಡುವ ನಮ್ಮಂಥವರಿಗೆ ಈ ನಿಧಾನ ಬಹಳ ಒಳ್ಳೆಯದು. ಸೋಲನ್ನು ಊಟ-ತಿಂಡಿಯ ನಡುವೆ ಇಟ್ಟುಕೊಂಡು ಬದುಕುವುದನ್ನು ಈ ಆಟ ಅಭ್ಯಾಸ ಮಾಡಿಸುತ್ತದೆ.

ಅದಕ್ಕೇ ಮಂಗಳವಾರ ಅಂದದ್ದು. ಶನಿವಾರ-ಭಾನುವಾರ ಜನ ಹೆಚ್ಚು, ದರವೂ ಹೆಚ್ಚು. ಎದುರಾಳಿ ಯಾರು, ವಾರ ಯಾವುದು ಎನ್ನುವುದರ ಮೇಲೆ ಟಿಕೆಟ್ ಬೆಲೆ ಏರಿಳಿಯುತ್ತದೆ. ದೊಡ್ಡ ಹೆಸರಿಲ್ಲದ ಎದುರಾಳಿ ಬಂದ ವಾರದ ದಿನಗಳಲ್ಲಿ ಮೇಲಂತಸ್ತಿನ ಸೀಟು ನಮಗೆ 20 ಡಾಲರ್ ಆಸುಪಾಸಿನಲ್ಲಿ ಸಿಕ್ಕಿದ್ದುಂಟು. ಟಿಕೆಟ್ ಎಲ್ಲ ಫೋನಿನಲ್ಲೇ ಬರುವುದರಿಂದ ಈ ಕೆಲಸ ಮಕ್ಕಳಿಗೆ ಬಿಡಿ. ಒಂದು ಎಚ್ಚರಿಕೆ ಮಾತ್ರ ಕೊಡಿ: ಒಮ್ಮೆ ಮಗ ಬೇರೊಂದು ಮರುಮಾರಾಟದ ಆ್ಯಪ್‌ನಲ್ಲಿ ಕೊಂಡಾಗ, ಕೊನೆಯ ಪುಟದಲ್ಲಿ ಸೇವಾಶುಲ್ಕ ಸೇರಿ ಮೊತ್ತ ಎಲ್ಲಿಗೋ ಹೋಗಿತ್ತು. ಪೂರ್ತಿ ಮೊತ್ತ ತೋರಿಸುವ ಪುಟ ನೋಡಿದ ಮೇಲೆಯೇ ದುಡ್ಡು ಕೊಡಲಿ.

ಹೋಗುವುದು ಸುಲಭ. ಲಿಂಕ್ ರೈಲು 2024ರ ಆಗಸ್ಟ್‌ನಿಂದ ಲಿನ್‌ವುಡ್‌ವರೆಗೂ ಬಂದಿದೆ. ನಮ್ಮಲ್ಲಿ 1 ಲೈನ್ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿಯಬಹುದು. ದೊಡ್ಡವರಿಗೆ ದೂರ ಎಷ್ಟಿದ್ದರೂ 3 ಡಾಲರ್, 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಇಳಿದ ಮೇಲೆ ಮೊಣಕಾಲು ನೋವಿದ್ದವರೂ ನಿಧಾನವಾಗಿ ನಡೆದು ತಲುಪುವಷ್ಟು ದೂರ. ಕಾರಿನಲ್ಲಿ ಹೋಗುವ ಯೋಚನೆ ಬೇಡ. ಮೈದಾನದ ಸುತ್ತ ಪಾರ್ಕಿಂಗಿಗೆ ಕೊಡುವ ದುಡ್ಡಿಗೆ ಇನ್ನೊಂದು ಟಿಕೆಟ್ ಬರುತ್ತದೆ.

ಟಿ-ಮೊಬೈಲ್ ಪಾರ್ಕ್ 1999ರ ಜುಲೈನಲ್ಲಿ ಸೇಫ್‌ಕೋ ಫೀಲ್ಡ್ ಎಂಬ ಹೆಸರಿನಲ್ಲಿ ತೆರೆಯಿತು. ಸುಮಾರು 48,000 ಜನ ಹಿಡಿಸುತ್ತದೆ. ಇದಕ್ಕೆ ಮೊದಲು ತಂಡ ಆಡುತ್ತಿದ್ದ ಕಿಂಗ್‌ಡೋಮ್ ಎಂಬ ಮುಚ್ಚಿದ ಕಾಂಕ್ರೀಟು ಕಟ್ಟಡವನ್ನು 2000ದಲ್ಲಿ ಸ್ಫೋಟಿಸಿ ಕೆಡವಿದರು. ಹೊಸದರ ವಿಶೇಷ ಅದರ ಚಾವಣಿ. ಮೂರು ತುಂಡುಗಳು ಹಳಿಯ ಮೇಲೆ ಉರುಳಿ ಬಂದು ಹತ್ತಿಪ್ಪತ್ತು ನಿಮಿಷದಲ್ಲಿ ಇಡೀ ಮೈದಾನವನ್ನು ಮುಚ್ಚುತ್ತವೆ. ಆದರೆ ಇದು ಛತ್ರಿಯ ಹಾಗೆ, ತಲೆಯ ಮೇಲೆ ಮಾತ್ರ. ಪಕ್ಕಗಳೆಲ್ಲ ತೆರೆದೇ ಇರುತ್ತವೆ. ಮಳೆ ತಾಗುವುದಿಲ್ಲ, ಗಾಳಿ ತಾಗುತ್ತದೆ. ಪಕ್ಕದಲ್ಲೇ ಹಳಿ ಇರುವುದರಿಂದ ಗೂಡ್ಸ್ ರೈಲಿನ ಹಾರ್ನ್ ಆಟದ ನಡುವೆ ಜೋರಾಗಿ ಕೇಳಿಸುತ್ತದೆ. ಅರಸೀಕೆರೆ ಜಂಕ್ಷನ್ನಿನ ಹತ್ತಿರ ವರ್ಷಗಟ್ಟಲೆ ಮನೆ ಮಾಡಿದ್ದ ನನಗೆ ಅದು ಬಹಳ ಇಷ್ಟ. ಏಪ್ರಿಲ್, ಮೇ ತಿಂಗಳ ರಾತ್ರಿ ಪಂದ್ಯಕ್ಕೆ ಸ್ವೆಟರು, ಟೋಪಿ, ಕಾಲಿಗೆ ಹೊದೆಯುವ ಶಾಲು ಮೂರೂ ಬೇಕು. ಮಧ್ಯಾಹ್ನ ಇಷ್ಟೊಂದು ಬಿಸಿಲಿತ್ತಲ್ಲ ಎಂದು ಬಿಟ್ಟು ಹೋಗಬೇಡಿ.

ಸೀಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕೆಳಗೆ, ಆಟಗಾರರ ಮುಖ ಕಾಣುವಷ್ಟು ಹತ್ತಿರ ಕೂರಬೇಕೆಂದು ಎಲ್ಲರಿಗೂ ಆಸೆ. ಆದರೆ ಆಟ ಕಾಣುವುದು ಮೇಲಿನಿಂದ. 300ರ ಸಾಲಿನ ಸೆಕ್ಷನ್‌ಗಳಲ್ಲಿ, ಬ್ಯಾಟ್ಸ್‌ಮನ್ ಬೆನ್ನ ಹಿಂದಿನ 330ರ ಆಸುಪಾಸಿನಲ್ಲಿ ಕೂತರೆ ಇಡೀ ಮೈದಾನ ಕಪ್ಪುಹಲಗೆಯ ಮೇಲೆ ಬರೆದ ರೇಖಾಗಣಿತದ ಚಿತ್ರದಂತೆ ಎದುರಿಗಿರುತ್ತದೆ. ಚೆಂಡು ಎದ್ದ ತಕ್ಷಣ ಒಂಬತ್ತು ಜನರೂ ಹೇಗೆ ಒಟ್ಟಿಗೆ ಸರಿಯುತ್ತಾರೆ, ಯಾರು ಯಾರ ಬೆನ್ನಿಗೆ ಓಡಿ ನಿಲ್ಲುತ್ತಾರೆ ಎನ್ನುವುದು ಕೆಳಗೆ ಕೂತವರಿಗೆ ತಿಳಿಯುವುದೇ ಇಲ್ಲ. ಮೆಟ್ಟಿಲುಗಳು ಕಡಿದಾಗಿವೆ, ಅದನ್ನು ಮುಚ್ಚಿಡುವುದಿಲ್ಲ. ಲಿಫ್ಟ್ ಇದೆ, ಹತ್ತಿಳಿಯುವುದು ಕಡಿಮೆಯಿರುವ ಸಾಲು ನೋಡಿ ತೆಗೆಸಿಕೊಳ್ಳಿ. ಸಂಜೆಯ ಪಂದ್ಯದಲ್ಲಿ ಮೂರನೇ ಬೇಸ್ ಕಡೆಗೆ ನೆರಳು ಬೇಗ ಬೀಳುತ್ತದೆ. ಮೊದಲನೇ ಬೇಸ್ ಕಡೆಯ ಮೇಲಂತಸ್ತಿನಿಂದ ನಗರದ ಎತ್ತರದ ಕಟ್ಟಡಗಳು ಕಾಣುತ್ತವೆ, ಆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ.

ಪೆನ್ಸಿಲ್ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಆಟದ ಜೀವ ಅದರಲ್ಲಿದೆ.

ಬೇಸ್‌ಬಾಲ್‌ನಲ್ಲಿ ಪ್ರೇಕ್ಷಕರೇ ಸ್ಕೋರ್ ಬರೆಯುವ ಹಳೆಯ ರೂಢಿ ಇದೆ. ಎಡಗಡೆ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲೆ ಇನಿಂಗ್ಸ್ ಸಂಖ್ಯೆ, ನಡುವೆ ಚೌಕಗಳು, ಒಂದೊಂದು ಚೌಕದಲ್ಲೂ ಪುಟ್ಟ ವಜ್ರಾಕೃತಿ. ಫೀಲ್ಡರುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ: ಪಿಚರ್ (ನಮ್ಮ ಬೌಲರ್ ಹಾಗೆ) 1, ಕ್ಯಾಚರ್ (ಕೀಪರ್ ಹಾಗೆ) 2, ಮೊದಲನೇ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಆಮೇಲೆ ಹೊರಮೈದಾನದ ಎಡ, ನಡು, ಬಲ 7, 8, 9. ಶಾರ್ಟ್‌ಸ್ಟಾಪ್ ಜೆ.ಪಿ. ಕ್ರಾಫರ್ಡ್ ಚೆಂಡು ಹಿಡಿದು ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಅದು ಮೊದಲನೇ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3 ಎಂದು ಬರೆದರೆ ಸಾಕು. ಹೂಲಿಯೊ ರೊಡ್ರಿಗೆಸ್ ನಡುವಿನಲ್ಲಿ ಓಡಿ ಕ್ಯಾಚ್ ಹಿಡಿದರೆ ಎಫ್8. ಮೂರು ಸ್ಟ್ರೈಕ್ (ಬೀಸಿ ತಪ್ಪಿದ್ದು, ಇಲ್ಲವೇ ಹೊಡೆಯಬೇಕಾದ ಎಸೆತ ಬಿಟ್ಟದ್ದು) ಆಗಿ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟು ಬೀಸದೆ ನಿಂತೇ ಔಟಾದರೆ ಆ ಕೆಯನ್ನು ತಿರುಗಿಸಿ ಬರೆಯಬೇಕು. ರನ್ ಬಂದರೆ ವಜ್ರವನ್ನು ಪೂರ್ತಿ ತುಂಬುವುದು. ಇಷ್ಟೇ ಸಂಕೇತಗಳಲ್ಲಿ ಎರಡೂವರೆ ಗಂಟೆಯ ಆಟ ಒಂದು ಹಾಳೆಯಲ್ಲಿ ಕೂತುಬಿಡುತ್ತದೆ. ವರ್ಷ ಕಳೆದ ಮೇಲೆ ತೆಗೆದು ನೋಡಿದರೂ ಯಾರು ಯಾವಾಗ ಏನು ಮಾಡಿದರೆಂದು ಓದಬಹುದು.

ಗಣಿತದವರಿಗೆ ಇದರಲ್ಲಿ ಇನ್ನೂ ಒಂದು ಸುಖವಿದೆ: ಲೆಕ್ಕದ ತಾಳೆ. ಒಂಬತ್ತು ಇನಿಂಗ್ಸಿನೊಳಗೆ ಮುಗಿದ ಪಂದ್ಯದಲ್ಲಿ ಒಂದು ತಂಡದಿಂದ ಒಟ್ಟು ಎಷ್ಟು ಸಲ ಬ್ಯಾಟರ್‌ಗಳು ಬಂದರೋ ಆ ಸಂಖ್ಯೆ ಮೂರು ಸಂಖ್ಯೆಗಳ ಮೊತ್ತಕ್ಕೆ ಸಮವಿರಲೇಬೇಕು: ಆ ತಂಡದ ರನ್, ಬೇಸಿನ ಮೇಲೆ ಉಳಿದುಹೋದವರು, ಔಟಾದವರು. ಒಂಬತ್ತು ಇನಿಂಗ್ಸ್ ಪೂರ್ತಿ ಆಡಿದರೆ ಔಟು 27. ರನ್ 3, ಉಳಿದವರು 7 ಆದರೆ ಬ್ಯಾಟರ್‌ಗಳು 37 ಸಲ ಬಂದಿರಬೇಕು. ತವರಿನ ತಂಡ ಮುಂದಿದ್ದು ಒಂಬತ್ತನೆಯದರಲ್ಲಿ ಬ್ಯಾಟ್ ಮಾಡುವ ಅಗತ್ಯವೇ ಬೀಳದಿದ್ದರೆ 27ರ ಬದಲು 24. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನಿಗೂ ಮೂರೇ ಗತಿ: ಮನೆಗೆ ಬಂದ, ದಾರಿಯಲ್ಲಿ ಉಳಿದ, ಇಲ್ಲವೇ ಔಟಾದ. ನಾಲ್ಕನೆಯದಿಲ್ಲ. ರೈಲಿನಲ್ಲಿ ವಾಪಸು ಬರುವಾಗ ನಾನೂ ಮೊಮ್ಮಗನೂ ಈ ತಾಳೆ ನೋಡುತ್ತೇವೆ. ಅವನಿಗೆ ಐದನೇ ಕ್ಲಾಸಿನ ದಶಮಾಂಶ ಹತ್ತಿದ್ದೇ ಬ್ಯಾಟಿಂಗ್ ಸರಾಸರಿಯಿಂದ. ಇಲ್ಲಿ ಅದೆಂದರೆ ಬ್ಯಾಟ್ ಮಾಡಿದ ಸಲಗಳಲ್ಲಿ ಎಷ್ಟು ಪಾಲು ಹಿಟ್ (ಹೊಡೆದು ಬೇಸ್ ತಲುಪಿದ್ದು) ಎನ್ನುವ ದಶಮಾಂಶ. ಬಾಟಮ್ ಆಫ್ ದಿ ಸಿಕ್ಸ್ತ್, ಅಂದರೆ ಆರನೇ ಇನಿಂಗ್ಸಿನಲ್ಲಿ ತವರಿನ ತಂಡದ ಬ್ಯಾಟಿಂಗ್, ಶುರುವಾದರೆ "ಅಜ್ಜಿ, ಬರ್ಕೊಂಡ್ಯಾ?" ಎಂದು ಅವನೇ ಕೇಳುತ್ತಾನೆ.

ಹಾಳೆ ಹಿಡಿದು ಕೂತರೆ ಇನ್ನೊಂದು ಲಾಭ, ಪಕ್ಕದವರು ಮಾತಾಡಿಸುತ್ತಾರೆ. ಸೀರೆ ಮೇಲೆ ಜಾಕೆಟ್ ಹಾಕಿಕೊಂಡು ಕೂತ ಹೆಂಗಸು 4-6-3 ಎಂದು ಬರೆಯುವುದನ್ನು ಕಂಡು, ಮುಂದಿನ ಸಾಲಿನಲ್ಲಿ ತಾವೂ ಬರೆಯುತ್ತಿದ್ದ ಹಿರಿಯರೊಬ್ಬರು ತಿರುಗಿ ತಮ್ಮ ಹಾಳೆ ತೋರಿಸಿದರು. ಆವತ್ತು ಒಂದು ಚೆಂಡು ಹಿಟ್ಟೋ ಫೀಲ್ಡರಿನ ತಪ್ಪೋ ಎಂದು ನಮ್ಮಿಬ್ಬರಿಗೂ ಸಂದೇಹ ಬಂದಿತ್ತು. ಒಟ್ಟಿಗೆ ಬೋರ್ಡು ನೋಡಿ ಬರೆದೆವು. ನನ್ನ ಇಂಗ್ಲಿಷ್ ಅಂಗಡಿ-ಆಸ್ಪತ್ರೆಗೆ ಸಾಲುವಷ್ಟು. ಆಟ ಮುಗಿಯುವವರೆಗೂ ನಮ್ಮ ಮಾತಿಗೆ ಅಷ್ಟು ಧಾರಾಳವಾಗಿ ಸಾಕಾಯಿತು.

ಊಟದ ವಿಷಯದಲ್ಲಿ ಈ ಮೈದಾನಕ್ಕೆ ಪೂರ್ಣಾಂಕ ಕೊಡುತ್ತೇನೆ, ಕಾರಣ ಒಂದೇ: ಮನೆಯ ತಿಂಡಿ ಒಳಗೆ ಬಿಡುತ್ತಾರೆ. ಗಾಜಿನ ಪಾತ್ರೆ ಬೇಡ, ನೀರಿನ ಬಾಟಲಿಯ ಸೀಲ್ ಒಡೆದಿರಬಾರದು, ಅಷ್ಟೇ. ನಾನು ಪುಳಿಯೋಗರೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕಟ್ಟುತ್ತೇನೆ, ಜೊತೆಗೆ ಕೋಡುಬಳೆ. ಚಿತ್ರಾನ್ನ ತಣ್ಣಗಾದರೆ ಒಣಗುತ್ತದೆ, ಪುಳಿಯೋಗರೆಗೆ ಆ ತೊಂದರೆಯಿಲ್ಲ. ಸಿಪ್ಪೆ ಕಡಲೆಕಾಯಿಯನ್ನು ಒಳಗೆ ಕೊಳ್ಳಬೇಡಿ. ಸ್ಟೇಡಿಯಂಗೆ ಹೋಗುವ ದಾರಿಯುದ್ದಕ್ಕೂ ಗಾಡಿಗಳಲ್ಲಿ ಮಾರುತ್ತಾರೆ, ಕಡಿಮೆಗೆ ಸಿಗುತ್ತದೆ, ಒಳಗೆ ತರಲೂಬಹುದು. ಒಳಗೆ ಕೊಳ್ಳುವುದಾದರೆ ಗಾರ್ಲಿಕ್ ಫ್ರೈಸ್ ಒಂದು ಸಲ ತಿನ್ನಬೇಕಾದದ್ದೇ. ಬೆಳ್ಳುಳ್ಳಿ ಘಾಟು ನಾಲ್ಕು ಸಾಲಿನಾಚೆಗೆ ಹೋಗುತ್ತದೆ. ಬಿಯರ್ ದರ ಕೇಳಿದರೆ ಬೇಡವೆನಿಸುತ್ತದೆ. ಇಲ್ಲಿ ಹುರಿದ ಮಿಡತೆಯನ್ನೂ ಮಾರುತ್ತಾರೆ, 2017ರಿಂದ. ನಾನು ತಿನ್ನುವವಳಲ್ಲ. ಆದರೆ ಒಂದು ಪಂದ್ಯಕ್ಕೆ 312 ಪೊಟ್ಟಣ ಮಾತ್ರ ಎಂದು ಮಿತಿ ಹಾಕಿದ್ದಾರಲ್ಲ, ಆ ಸಂಖ್ಯೆ ನನಗೆ ಇಷ್ಟ. ಈ ತಂಡದಲ್ಲೇ ತನ್ನ ಪೂರ್ತಿ ವೃತ್ತಿ ಕಳೆದ ಎಡ್ಗರ್ ಮಾರ್ಟಿನೆಸ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ .312. ಮೈದಾನದ ಪಕ್ಕದ ರಸ್ತೆಗೂ ಅವರ ಹೆಸರೇ ಇದೆ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. 2023ರಲ್ಲಿ ಪಿಚ್ ಕ್ಲಾಕ್ ತಂದ ಮೇಲೆ ಆಟ ಚುರುಕಾಗಿದೆ. ಬೇಸುಗಳು ಖಾಲಿಯಿದ್ದರೆ 15 ಸೆಕೆಂಡಿನೊಳಗೆ ಪಿಚರ್ ಎಸೆಯಲು ಶುರುಮಾಡಬೇಕು. ಹಿಂದಿನ ವರ್ಷ ಸರಾಸರಿ ಮೂರು ಗಂಟೆ ದಾಟುತ್ತಿದ್ದ ಪಂದ್ಯ ಆ ವರ್ಷ ಎರಡು ಗಂಟೆ 40 ನಿಮಿಷಕ್ಕೆ ಇಳಿಯಿತು. ವಾರದ ದಿನ 6:40ಕ್ಕೆ ಶುರುವಾದರೆ ಮಾರನೇ ದಿನ ಶಾಲೆಯಿರುವ ಮಕ್ಕಳೂ ಪೂರ್ತಿ ನೋಡಿ ಮನೆ ಸೇರಬಹುದು. ಇನಿಂಗ್ಸುಗಳ ನಡುವೆ ಸಾಲ್ಮನ್ ಮೀನಿನ ವೇಷ ಹಾಕಿದವರ ಓಟವಿದೆ. ಹಂಪಿ ಎಂಬ ಮೀನು 2025ರ ಅಕ್ಟೋಬರ್‌ವರೆಗೂ ಸದಾ ಸೋಲುತ್ತಿತ್ತು, ಮಕ್ಕಳೆಲ್ಲ ಹಂಪಿಯ ಪಕ್ಷ. ನಮ್ಮ ಮೊಮ್ಮಗನಿಗೆ ಈ ಹೆಸರು ಕೇಳಿದಾಗಲೆಲ್ಲ ರಜೆಯಲ್ಲಿ ಹೋಗಿದ್ದ ವಿರೂಪಾಕ್ಷನ ಗುಡಿ ನೆನಪಾಗುತ್ತದೆ, ಅದಕ್ಕೆ ಅವನ ಕೂಗು ಉಳಿದವರಿಗಿಂತ ಜೋರು. ಭಾನುವಾರದ ಪಂದ್ಯ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಬಿಟ್ಟು ಬೇಸ್ ಸುತ್ತಲು ಓಡಿಸುತ್ತಾರೆ. ಮಕ್ಕಳಿದ್ದವರು ಆ ಒಂದು ಭಾನುವಾರಕ್ಕೆ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಒಂದು ತಂಡವನ್ನು ನಮ್ಮದೆಂದುಕೊಳ್ಳಲು ಅದರ ಕಥೆ ಗೊತ್ತಿರಬೇಕು. 1977ರಲ್ಲಿ ಶುರುವಾದ ಮ್ಯಾರಿನರ್ಸ್, 30 ತಂಡಗಳ ಪೈಕಿ ಇನ್ನೂ ಒಮ್ಮೆಯೂ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಆಡದಿರುವ ಏಕೈಕ ತಂಡ. 2001ರಲ್ಲಿ 116 ಪಂದ್ಯ ಗೆದ್ದು 1906ರ ಶಿಕಾಗೋ ಕಬ್ಸ್ ದಾಖಲೆಯನ್ನು ಸರಿಗಟ್ಟಿತು, ಆದರೂ ಕೊನೆ ತಲುಪಲಿಲ್ಲ. ಆ ವರ್ಷವೇ ಜಪಾನಿನಿಂದ ಬಂದವರು ಇಚಿರೊ ಸುಜುಕಿ. 2004ರಲ್ಲಿ ಒಂದೇ ಸೀಸನ್ನಿನಲ್ಲಿ 262 ಹಿಟ್ ಹೊಡೆದು 84 ವರ್ಷ ಹಳೆಯ ದಾಖಲೆ ಮುರಿದರು. 2025ರ ಜುಲೈನಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು, ಆಗಸ್ಟ್‌ನಲ್ಲಿ ಇಲ್ಲಿ ಅವರ 51ನೇ ನಂಬರನ್ನು ಇನ್ನು ಯಾರಿಗೂ ಕೊಡಬಾರದೆಂದು ಗೌರವದಿಂದ ಎತ್ತಿಟ್ಟರು. ಐವತ್ತು ದಾಟಿದ ಅವರು ಈಗಲೂ ಪಂದ್ಯಕ್ಕೆ ಮೊದಲು ಸಮವಸ್ತ್ರದಲ್ಲಿ ಮೈದಾನಕ್ಕಿಳಿದು ಅಭ್ಯಾಸ ಮಾಡುತ್ತಾರೆ. ಬೇಗ ಹೋದರೆ ಕಾಣುವ ಅವಕಾಶವಿದೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಪರೀಕ್ಷೆಯೆಲ್ಲ ಮುಗಿದ ಮೇಲೂ ದಿನಾ ಅಭ್ಯಾಸಕ್ಕೆ ಬರುವ ಆ ಮನುಷ್ಯನ ಮೇಲೆ ಇರುವಷ್ಟು ಗೌರವ ಇನ್ನಾವ ಆಟಗಾರನ ಮೇಲೂ ಇಲ್ಲ.

2025ರ ಸೀಸನ್ ಮಾತ್ರ ಬೇರೆಯೇ. ಕ್ಯಾಚರ್ ಕ್ಯಾಲ್ ರಾಲಿ 60 ಹೋಮ್‌ರನ್ (ನಮ್ಮ ಸಿಕ್ಸರ್ ತರಹ) ಹೊಡೆದರು. ಆಟದುದ್ದಕ್ಕೂ ಕುಕ್ಕರಗಾಲಿನಲ್ಲಿ ಕೂತು ಏಳುವ ಕ್ಯಾಚರ್ ಒಬ್ಬರು ಅಷ್ಟು ಹೊಡೆದದ್ದು ಹಿಂದೆ ಎಂದೂ ಇಲ್ಲ. ಅಕ್ಟೋಬರ್ 10ರಂದು ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ನಾಕ್‌ಔಟ್ ಸರಣಿಯ ಕೊನೆಯ ಪಂದ್ಯ ಇಲ್ಲೇ ನಡೆಯಿತು. ಆ ಟಿಕೆಟ್ ದರ ನಮ್ಮ ಕೈಗೆ ಎಟುಕುವಂತಿರಲಿಲ್ಲ, ಮನೆಯಲ್ಲೇ ಹಾಳೆ ಹಿಡಿದು ಕೂತೆವು. ಟೈಗರ್ಸ್ ಪಿಚರ್ ತಾರಿಕ್ ಸ್ಕೂಬಲ್ ಸಾಲಾಗಿ ಏಳು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ನನ್ನ ಹಾಳೆಯಲ್ಲಿ ಏಳು ಕೆ ಒಂದರ ಕೆಳಗೊಂದು. ಏಳನೇ ಇನಿಂಗ್ಸಿನಲ್ಲಿ ಬದಲಿಯಾಗಿ ಬಂದ ಲಿಯೊ ರಿವಾಸ್, ತನ್ನ ಹುಟ್ಟುಹಬ್ಬದ ದಿನವೇ, ಹಿಟ್ ಹೊಡೆದು 2-2 ಸಮ ಮಾಡಿದರು. ಆಮೇಲೆ ಎಂಟು, ಒಂಬತ್ತು, ಹತ್ತು... ಹಾಳೆಯ ಅಂಕಣ ಮುಗಿಯಿತು, ಇನ್ನೊಂದು ಹಾಳೆ ಅಂಟಿಸಿದೆ. ಹದಿನೈದನೆಯದರಲ್ಲಿ ಹೋರ್ಹೆ ಪೊಲಾಂಕೊ ಹೊಡೆದ ಸಿಂಗಲ್‌ಗೆ ಪಂದ್ಯ 3-2. ಸುಮಾರು ಐದು ಗಂಟೆಯ ಆಟ. ಹಂಪಿ ಮೀನು ಮೊದಲ ಬಾರಿ ಗೆದ್ದದ್ದೂ ಅದೇ ರಾತ್ರಿ. ಹತ್ತು ದಿನದ ನಂತರ ಟೊರಾಂಟೊದಲ್ಲಿ, ಅಲ್ಲಿನ ತಂಡದ ವಿರುದ್ಧ ಮುಂದಿನ ಸರಣಿಯ ಏಳನೇ ಪಂದ್ಯ, ಗೆದ್ದರೆ ವರ್ಲ್ಡ್ ಸೀರೀಸ್: 3-1ರಿಂದ ಮುಂದಿದ್ದೆವು, ಏಳನೇ ಇನಿಂಗ್ಸಿನಲ್ಲಿ ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್‌ರನ್ ಹೊಡೆದರು, 4-3ಕ್ಕೆ ಮುಗಿಯಿತು. ಮೊಮ್ಮಗ ಊಟ ಮಾಡದೆ ಮಲಗಿದ. ನನಗೂ ನಿದ್ದೆ ಬರಲಿಲ್ಲ. ಆದರೂ ಆ ಹಾಳೆಯ ತಾಳೆಯನ್ನು ಮಾರನೇ ದಿನ ಇಬ್ಬರೂ ಕೂತು ನೋಡಿದೆವು.

ಇನ್ನೊಂದು ಮಾತು ಹೇಳಲೇಬೇಕು. ಪಂದ್ಯ ಮುಗಿದ ಮೇಲೆ ಸಾವಿರಾರು ಜನ ಒಟ್ಟಿಗೆ ಹೊರಬರುತ್ತಾರೆ. ಹಲವು ದ್ವಾರಗಳು ತೆರೆದಿರುತ್ತವೆ, ಪೊಲೀಸರು ರಸ್ತೆಯಲ್ಲಿ ವಾಹನ ನಿಲ್ಲಿಸಿ ಜನರನ್ನು ಬಿಡುತ್ತಾರೆ, ರೈಲಿಗೆ ಸಾಲು ಇರುತ್ತದೆ. ನಾನು ಮೊಮ್ಮಗನ ಕೈ ಹಿಡಿದು ಹೆದರದೆ ನಡೆಯುತ್ತೇನೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಮೈದಾನದ ಹೊರಗೆ, ಆರ್‌ಸಿಬಿ ಮೊದಲ ಐಪಿಎಲ್ ಕಪ್ ಗೆದ್ದ ಸಂಭ್ರಮ ನೋಡಲು ಬಂದ 11 ಜನ ಕಾಲ್ತುಳಿತದಲ್ಲಿ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಆ ವಾರ ಇಲ್ಲಿ ಗೇಟು ದಾಟುವಾಗಲೆಲ್ಲ ಆ ಮಕ್ಕಳ ತಾಯಂದಿರು ನೆನಪಾಗುತ್ತಿದ್ದರು. ಆಟ ನೋಡಲು ಹೋದ ಮಗು ಮನೆಗೆ ಬರಬೇಕು. ಅದಕ್ಕೆ ಬೇಕಾದ ವ್ಯವಸ್ಥೆ ಯಾವ ಊರಿಗೂ ಅಸಾಧ್ಯವಲ್ಲ.

ಈ ಸಲ ಬರುವವರಿಗೆ ಹೊಸದೊಂದು ನೋಡಲು ಸಿಗುತ್ತದೆ. 2026ರಿಂದ ಬಾಲ್-ಸ್ಟ್ರೈಕ್ ತೀರ್ಪನ್ನು, ಅಂದರೆ ಬಿಟ್ಟ ಎಸೆತ ಹೊಡೆಯಬೇಕಾದದ್ದೇ ಅಲ್ಲವೇ ಎಂದು ಅಂಪೈರ್ ಹೇಳಿದ್ದನ್ನು, ಪ್ರಶ್ನಿಸಬಹುದು, ನಮ್ಮ ಡಿಆರ್‌ಎಸ್ ತರಹ. ಪಂದ್ಯದ ಶುರುವಿನಲ್ಲಿ ಪ್ರತಿ ತಂಡಕ್ಕೆ ಎರಡು ಅವಕಾಶ. ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಲ್ಲಿ ಒಬ್ಬರು ಆ ಕ್ಷಣವೇ ತಲೆ ಮುಟ್ಟಿ ಕೇಳಬೇಕು, ಡಗ್‌ಔಟ್ ಕಡೆ ನೋಡಿ ಕೇಳುವ ಹಾಗಿಲ್ಲ. ಮನೆಯಲ್ಲಿ ಕೂತಾಗ 710 ಎಎಂ ರೇಡಿಯೋದಲ್ಲಿ ಕಾಮೆಂಟರಿ ಬರುತ್ತದೆ. ಸೊಪ್ಪು ಬಿಡಿಸುತ್ತ, ಹಾಳೆ ಪಕ್ಕಕ್ಕಿಟ್ಟುಕೊಂಡು ಕೇಳಬಹುದು. ಸ್ಕೋರ್ ಹಾಳೆಯನ್ನು ಮಕ್ಕಳ ಪ್ರಿಂಟರಿನಲ್ಲಿ ತೆಗೆಸಿಕೊಳ್ಳಿ, ಅಥವಾ ನನ್ನ ಹಾಗೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಹಿಡಿದು ಗೆರೆ ಎಳೆಯಿರಿ. ಹದಿನೈದು ಅಂಕಣ ಹಾಕಿ. ಮೇ ಎರಡನೇ ವಾರ ಕಳೆದರೆ ಚಳಿ ಸ್ವಲ್ಪ ತಗ್ಗುತ್ತದೆ. ಮೊದಲ ಪಂದ್ಯಕ್ಕೆ ಆಗ ಹೋಗಿ, 330ರ ಹತ್ತಿರ, ಮೆಟ್ಟಿಲು ಕಡಿಮೆಯಿರುವ ಸಾಲಿನಲ್ಲಿ ತೆಗೆಸಿಕೊಳ್ಳಿ.